‘ಕೋಲುಮಂಡೆ’ ರ್‍ಯಾಪ್ ಆದಾಗ

(ವಿಜಯನಗರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ವಿಜಯನಗರ, ರಾಜಾಜಿನಗರ, ಕೆಂಗೇರಿಗಳಲ್ಲಿ ಮಂಡ್ಯ, ಮಳವಳ್ಳಿ, ಕೊಳ್ಳೇಗಾಲದ ಕಡೆಯಿಂದ ಬಂದು ನೆಲೆಸಿದ ಮನೆಗಳುಂಟು. ಅಂಥ ಮನೆಯ ನಡುಗೋಡೆಯ ಮೇಲೆ ಹುಲಿಯೇರಿದ ಮಾದಪ್ಪನ ಪಟವಿರುತ್ತದೆ. ಅದರ ಕೆಳಗೇ ಕುಳಿತ ಹುಡುಗ ಇಯರ್‌ಫೋನ್ ಸಿಕ್ಕಿಸಿಕೊಂಡು ರ್‍ಯಾಪ್ ಕೇಳುತ್ತಿರುತ್ತಾನೆ. ಇಬ್ಬರೂ ಒಂದೇ ಸೂರಿನಡಿ ತಂಟೆಯಿಲ್ಲದೆ ಇದ್ದರು. 2020ರ ಆಗಸ್ಟಿನಲ್ಲಿ ಮಾತ್ರ ಇಬ್ಬರ ನಡುವೆ ಜಗಳ ಬಂತು. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಹಾಸನ ಜಿಲ್ಲೆಯಿಂದ ಬಂದ ಚಂದನ್ ಶೆಟ್ಟಿ ಕನ್ನಡ ರ್‍ಯಾಪನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಒಬ್ಬರು. 2018ರಲ್ಲಿ ಬಿಗ್ ಬಾಸ್ ಕನ್ನಡದ 5ನೇ ಆವೃತ್ತಿಯನ್ನು ಗೆದ್ದ ಮೇಲೆ ಅವರ ಹೆಸರು ಹಳ್ಳಿಗಳಿಗೂ ತಲುಪಿತು. 2020ರ ಗಣೇಶನ ಹಬ್ಬದ ಹೊತ್ತಿಗೆ ಅವರ ‘ಕೋಲುಮಂಡೆ’ ಎಂಬ ವಿಡಿಯೊ ಹಾಡು ಹೊರಬಂತು. ಮಲೆ ಮಹದೇಶ್ವರನ ಜನಪದ ಹಾಡೊಂದನ್ನು ರ್‍ಯಾಪಿನ ಲಯಕ್ಕೆ ಹೊಂದಿಸಿದ ಪ್ರಯತ್ನ ಅದು. ಕೆಲವೇ ದಿನಗಳಲ್ಲಿ ಮಾದಪ್ಪನ ಒಕ್ಕಲು ಸಿಟ್ಟಿಗೆದ್ದಿತು. ಶರಣೆ ಸಂಕಮ್ಮನನ್ನು ತೋರಿಸಿದ ಬಗೆ ಅವಮಾನಕರವೆಂಬುದೇ ಮುಖ್ಯ ಆಕ್ಷೇಪ. ಚಂದನ್ ಶೆಟ್ಟಿ ಕ್ಷಮೆ ಕೇಳಿದರು. ವಿಡಿಯೊವನ್ನು ಯೂಟ್ಯೂಬಿನಿಂದ ತೆಗೆಯಲಾಯಿತು.

ಹಾಗಾದರೆ ದೇವರ ಹಾಡನ್ನು ಹೊಸ ಲಯಕ್ಕೆ ತಂದದ್ದೇ ತಪ್ಪೆ? ಹಾಗೆನ್ನಲು ಬರುವುದಿಲ್ಲ. 1996ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಚಿತ್ರದಲ್ಲಿ ಇದೇ ‘ಕೋಲುಮಂಡೆ’ ಇತ್ತು. ಸಂಗೀತ ವಿ. ಮನೋಹರ್ ಅವರದು. ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ಆ ಹಾಡಿಗಾಗಿಯೇ ರಾಜ್ಯ ಪ್ರಶಸ್ತಿ ಬಂತು. ಸಿನಿಮಾವೂ ಹೊಸ ಮಾಧ್ಯಮವೇ, ಅಲ್ಲಿಯೂ ವಾದ್ಯಗಳು ಬದಲಾಗಿದ್ದವು. ಆದರೂ ಜನ ಅದನ್ನು ತಮ್ಮದೆಂದೇ ಒಪ್ಪಿಕೊಂಡರು.

ರ್‍ಯಾಪ್ ವಿದೇಶಿ ಸರಕು, ಅದಕ್ಕೇ ಒಗ್ಗಲಿಲ್ಲ ಎನ್ನುವವರೂ ಇದ್ದಾರೆ. ಹಿಪ್‌ಹಾಪಿನ ಹುಟ್ಟನ್ನು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ನಡೆದ ಒಂದು ಕೂಟದಿಂದ ಲೆಕ್ಕ ಹಾಕುವುದು ರೂಢಿ. ಡಿಜೆ ಕೂಲ್ ಹರ್ಕ್ ಎಂಬಾತ ಗ್ರಾಮಫೋನ್ ತಟ್ಟೆಗಳಲ್ಲಿ ಬರಿಯ ತಾಳವಾದ್ಯವಿರುವ ತುಣುಕನ್ನು ಹಿಡಿದು, ಎರಡು ತಟ್ಟೆಗಳ ನೆರವಿನಿಂದ ಅದನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದ. ಆ ತಾಳದ ಮೇಲೆ ಆಡಿದ ಮಾತೇ ಮುಂದೆ ರ್‍ಯಾಪ್ ಆಯಿತು. ಇನ್ನು ನಮ್ಮ ಕಂಸಾಳೆಯವರನ್ನು ನೋಡಿ. ದೀಕ್ಷೆ ಪಡೆದ ದೇವರ ಗುಡ್ಡರು ಕಂಚಿನ ತಾಳ ಕುಟ್ಟುತ್ತ, ಒಮ್ಮೆ ಹಾಡಾಗಿ ಒಮ್ಮೆ ಮಾತಾಗಿ, ರಾತ್ರಿಯಿಡೀ ಮಾದಪ್ಪನ ಕಥೆ ನಡೆಸುತ್ತಾರೆ. ತಾಳದ ಮೇಲೆ ಮಾತು ನಡೆಸುವ ವಿದ್ಯೆ ನಮಗೆ ಹೊಸದಲ್ಲ.

ಹಾಗಿದ್ದರೆ ಮುನಿಸು ಎಲ್ಲಿಂದ ಬಂತು? ಸಂಕಮ್ಮ ಯಾರೆಂದು ತಿಳಿದರೆ ಉತ್ತರ ಸಿಗುತ್ತದೆ. ಮಾದಪ್ಪನ ಕಾವ್ಯದಲ್ಲಿ ಆಕೆ ಸೋಲಿಗರ ನೀಲೇಗೌಡನ ಹೆಂಡತಿ. ಕಾಡಿಗೆ ಹೊರಟ ಗಂಡ ಶೀಲದ ಭಾಷೆ ಕೊಡೆಂದು ಹಟ ಹಿಡಿದಾಗ ಆಕೆ ಒಪ್ಪುವುದಿಲ್ಲ, ಆತ ಕೊಟ್ಟ ಹಿಂಸೆಯನ್ನೆಲ್ಲ ಸಹಿಸುತ್ತಾಳೆ. ಕೊನೆಗೆ ಕಾಯುವವನು ಮಾದಪ್ಪ. ಅವನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಕೇಳುವ ಹೆಂಗಸರಿಗೆ ಇದು ತಮ್ಮದೇ ಮನೆಯ ಕಥೆ. ಶಂಕಿಸಿದ ಗಂಡನ ಮುಂದೆ ತಲೆಬಾಗದ ಹೆಣ್ಣನ್ನು ನೋಡುವವರ ಕಣ್ಣಿಗೆ ಹಬ್ಬವಾಗಿ ತೋರಿಸಿದರೆಂದು ಅನ್ನಿಸಿದಾಗ, ಅವರಿಗೆ ನೋವಾದದ್ದು ಸಹಜ. ಸಿಟ್ಟು ತಾಳದ ಮೇಲಿರಲಿಲ್ಲ, ಚಿತ್ರದ ಮೇಲಿತ್ತು.

ಇದಕ್ಕೆ ಅಮೆರಿಕದ ಒಂದು ಉದಾಹರಣೆಯನ್ನು ಹೋಲಿಸಬಹುದು. 1991ರಲ್ಲಿ ಬಿಜ್ ಮಾರ್ಕಿ ಎಂಬ ರ್‍ಯಾಪರ್ ‘ಐ ನೀಡ್ ಎ ಹೇರ್‌ಕಟ್’ ಎಂಬ ಆಲ್ಬಂ ತಂದರು. ಅದರ ಒಂದು ಹಾಡಿನಲ್ಲಿ ಗಿಲ್ಬರ್ಟ್ ಒ’ಸಲಿವನ್ ಅವರ 1972ರ ಹಾಡಿನ ತುಣುಕು ಅನುಮತಿಯಿಲ್ಲದೆ ಸೇರಿತ್ತು. ನ್ಯಾಯಾಲಯ ಅದನ್ನು ಕಳವೆಂದೇ ಬಗೆಯಿತು, ಆಲ್ಬಂ ಅಂಗಡಿಗಳಿಂದ ಮರೆಯಾಯಿತು. 1993ರ ಮುಂದಿನ ಆಲ್ಬಮ್ಮಿಗೆ ಆತ ‘ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್’, ಎಂದರೆ ಎಲ್ಲ ತುಣುಕಿಗೂ ಅನುಮತಿ ಸಿಕ್ಕಿದೆ, ಎಂದು ತಮಾಷೆಯಾಗಿ ಹೆಸರಿಟ್ಟರು.

ಅಲ್ಲಿ ಹಾಡಿಗೆ ಒಡೆಯನಿದ್ದ, ಕಾಗದವಿತ್ತು, ಬೆಲೆಯಿತ್ತು. ‘ಕೋಲುಮಂಡೆ’ಗೆ ಇವಾವುದೂ ಇಲ್ಲ. ಕಟ್ಟಿದವರ ಹೆಸರೇ ತಿಳಿಯದ ಹಾಡನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಕಾಯ್ದೆ ತಡೆಯದು. ಆದರೆ ಅದನ್ನು ಇಷ್ಟು ಕಾಲ ಬಾಯಿಂದ ಬಾಯಿಗೆ ಉಳಿಸಿದವರು ಇದ್ದಾರೆ. ಭಿಕ್ಷೆ ಬೇಡುತ್ತ ಹಾಡಿದ ಗುಡ್ಡರು, ಅಕ್ಕಿ ನೀಡುತ್ತ ಕೇಳಿದ ತಾಯಂದಿರು. ಇವರಿಂದ ಅನುಮತಿ ಪಡೆಯಲು ಕಚೇರಿಯಿಲ್ಲ. ಅವರ ನಡುವೆ ಕುಳಿತು ಕಥೆಯನ್ನು ಪೂರ್ತಿ ಕೇಳುವುದೊಂದೇ ದಾರಿ.

ಈ ಪ್ರಸಂಗ ನೋಡಿ ನಮ್ಮ ಹುಡುಗರು ಜನಪದವನ್ನು ಮುಟ್ಟಲೇ ಹೆದರುವಂತಾದರೆ ಅದೂ ನಷ್ಟವೇ. ಹಾಡುವವರು ಇಲ್ಲದಿದ್ದರೆ ಯಾವ ದೇವರ ಕಾವ್ಯವೂ ಪುಸ್ತಕದ ಕಪಾಟು ಸೇರುತ್ತದೆ. ಹಿರಿಯರಲ್ಲಿ ನನ್ನದೊಂದು ಕೋರಿಕೆ. ಮನೆಯ ಹುಡುಗ ರ್‍ಯಾಪ್ ಕೇಳುತ್ತಿದ್ದರೆ ಗದರಬೇಡಿ. ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಸಂಕಮ್ಮನ ಕಥೆ ಹೇಳಿ. ಮುಂದೆ ಅವನೇ ಅದನ್ನು ಹಾಡಿಯಾನು.