ಮನೆಯ ನಾಯಿಗೆ ಸೂಜಿ ಎಷ್ಟು ಸಲ?

ಹಿಂದೊಮ್ಮೆ ಹಳಿಯಾಳದ ಸಂತೆಯಲ್ಲಿ ಒಬ್ಬ ಹಿರಿಯರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: "ಅಲ್ರೀ, ಹೋದ ವರ್ಷ ನಾಯಿಗೆ ಸೂಜಿ ಹಾಕಿಸೀನಿ. ಈ ವರ್ಷ ಮತ್ತ ಹಾಕಸ್ರಿ ಅಂತೀರಿ. ನಾ ಸಣ್ಣಾಂವ ಇದ್ದಾಗ ತೋಳಿಗೆ ದೇವಿ ಹಾಕಿದ್ರು. ಅಷ್ಟಕ್ಕ ಮುಗೀತು. ನಾಯಿಗೆ ಯಾಕ ವರ್ಷಾ ವರ್ಷಾ?"

ಕೇಳಬೇಕಾದ ಮಾತನ್ನೇ ಅವರು ಕೇಳಿದರು. ಸೂಜಿ ಹಾಕಿಸುವುದೆಂದರೆ ಒಂದು ದಿನದ ಕೆಲಸ ಕೆಡುತ್ತದೆ. ಜೋಯಿಡಾದ ಒಳಹಳ್ಳಿಯವರಾದರೆ ನಾಯಿಯನ್ನು ಹಗ್ಗ ಕಟ್ಟಿ ಕಾಡುದಾರಿಯಲ್ಲಿ ನಡೆಸಿಕೊಂಡು ಬರಬೇಕು. ಸುಮ್ಮನೆ ಮಾಡುವ ಕೆಲಸವಲ್ಲ ಅದು. ಆದ್ದರಿಂದ ಯಾವ ಲಸಿಕೆ ಎಷ್ಟು ಸಲ, ಯಾಕೆ ಅಷ್ಟು ಸಲ, ಎಂಬುದನ್ನು ಇಂದು ಬಿಡಿಸಿ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಒಂದು ಸಂಗತಿ ಕೇಳಿರಿ. ನಮ್ಮಲ್ಲಿ ಒಂದು ಕರಿ ನಾಯಿ ಇತ್ತು. ಮರಿಯಾಗಿದ್ದಾಗ ಒಂದು ಸೂಜಿ ಹಾಕಿಸಿದ್ದೆವು. "ಆಯಿತಲ್ಲ" ಎಂದು ಮರೆತೆವು. ನಾಲ್ಕನೆಯ ವರ್ಷ ಗದ್ದೆಯ ಬದುವಿನಲ್ಲಿ ಯಾವುದೋ ಪರಸ್ಥಳದ ನಾಯಿಯೊಡನೆ ಅದು ಕಚ್ಚಾಡಿತು. ಗಾಯ ಮಾಯಿತು. ಮೂರು ವಾರ ಕಳೆದ ಮೇಲೆ ನಾಯಿ ಅನ್ನ ಬಿಟ್ಟಿತು, ದವಡೆ ಜೋತುಬಿತ್ತು, ಜೊಲ್ಲು ಸುರಿಯಿತು. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ನಮ್ಮ ತಂದೆ ಅದರ ಬಾಯಿಗೆ ಕೈ ಹಾಕಿ ತಡಕಿದರು. ಎಲುಬು ಇರಲಿಲ್ಲ. ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ನಾಯಿ ಸತ್ತಿತು. ಅದು ಮುಟ್ಟಿದ, ನೆಕ್ಕಿದ ಮನೆಮಂದಿಯೆಲ್ಲ ಆಸ್ಪತ್ರೆಗೆ ಸಾಲುಹಿಡಿದೆವು. ತಡಮಾಡದೆ ಚುಚ್ಚುಮದ್ದು ತೆಗೆದುಕೊಂಡದ್ದರಿಂದ ಎಲ್ಲರೂ ಉಳಿದೆವು. ಆದರೆ ಆ ತಿಂಗಳು ನಮ್ಮ ತಾಯಿ ರಾತ್ರಿ ನಿದ್ದೆ ಮಾಡಿದ್ದನ್ನು ನಾನು ಕಾಣೆ.

ಈ ರೋಗದ ಚಿಹ್ನೆ ಕಾಣಿಸಿಕೊಂಡಿತೆಂದರೆ ಮನುಷ್ಯನೇ ಆಗಲಿ, ದನವೇ ಆಗಲಿ, ಉಳಿಯುವುದಿಲ್ಲವೆಂದೇ ತಿಳಿಯಿರಿ. ತಡೆಯುವುದೊಂದೇ ದಾರಿ.

ಈಗ ಮೂಲ ಪ್ರಶ್ನೆಗೆ ಬರೋಣ. ಲಸಿಕೆ ಎಂದರೆ ಮೈಗೆ ಕಲಿಸುವ ಪಾಠ. ರೋಗದ ರೂಪ ಹೀಗಿರುತ್ತದೆ ಎಂದು ಅದು ಮೈಗೆ ಮೊದಲೇ ತೋರಿಸಿಕೊಡುತ್ತದೆ. ಕೆಲವು ಪಾಠ ಸಾಯುವತನಕ ನೆನಪಿರುತ್ತವೆ, ಕೆಲವು ಬೇಗ ಮರೆತುಹೋಗುತ್ತವೆ. ನಿಮ್ಮ ಕೊಟ್ಟಿಗೆಯಲ್ಲೇ ನೋಡಿರಿ. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ ಬೇಕು. ಗಳಲೆ ರೋಗಕ್ಕೂ ಚಪ್ಪೆ ರೋಗಕ್ಕೂ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ. ಆಡು ಕುರಿಗಳ ಪಿ.ಪಿ.ಆರ್. ರೋಗಕ್ಕೆ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ತಡೆಯುತ್ತದೆ. ದನಗಳ ಗರ್ಭ ಕೆಡಿಸುವ ಕಂದು ರೋಗಕ್ಕೆ ಹೆಣ್ಣು ಕರುವಿಗೆ 4 ರಿಂದ 8 ತಿಂಗಳೊಳಗೆ ಹಾಕಿಸಿದರೆ ಬದುಕಿಗೆಲ್ಲ ಅದೊಂದೇ. ಇನ್ನು ನಮ್ಮ ಅಜ್ಜಂದಿರ ಕೊಟ್ಟಿಗೆಗಳನ್ನು ಬರಿದು ಮಾಡಿದ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಅದಕ್ಕೆ ಇಂದು ಒಂದು ಸೂಜಿಯೂ ಬೇಡ. ಊರೂರು ತಿರುಗಿ ಲಸಿಕೆ ಹಾಕಿ ಹಾಕಿ ಆ ರೋಗವನ್ನೇ ಅಳಿಸಿದರು. 2011 ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು.

ಹೀಗೆ, ಎಷ್ಟು ಸಲ ಎಂಬುದಕ್ಕೆ ಒಂದೇ ಉತ್ತರವಿಲ್ಲ. ರೋಗಕ್ಕೆ ತಕ್ಕ ಲೆಕ್ಕ.

ನಾಯಿಯ ಲೆಕ್ಕ ಕೇಳಿರಿ. ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳು ತುಂಬಿದಾಗ ಹಾಕಿಸಬೇಕು. ತಿಂಗಳ ಮೇಲೆ ಇನ್ನೊಂದು ಬೇಕೆಂದು ವೈದ್ಯರು ಹೇಳಿದರೆ ಅದನ್ನೂ ಬಿಡಬೇಡಿ. ಅಲ್ಲಿಂದ ವರ್ಷಕ್ಕೊಂದು. ಮನೆಯಲ್ಲಿ ಇಲಿ ಹಿಡಿಯುವ ಬೆಕ್ಕಿಗೂ ಇದೇ ನಿಯಮ.

"ಮೂರು ವರ್ಷ ತಡೆಯುವ ರೇಬೀಸ್ ಲಸಿಕೆಯೂ ಇದೆಯಂತಲ್ಲ?" ಎಂದು ಓದಿದ ಮಕ್ಕಳು ಕೇಳಬಹುದು. ನಿಜ, ಇದೆ. ಕೆಲವು ದೇಶಗಳಲ್ಲಿ ಮೂರು ವರ್ಷಕ್ಕೊಮ್ಮೆ ಹಾಕಿಸುವ ರೂಢಿಯೂ ಇದೆ. ಆದರೆ ಅಲ್ಲಿನ ನಾಯಿ ಬೇಲಿಯೊಳಗಿನ ನಾಯಿ. ಎಂದು ಹಾಕಿಸಿದರು ಎಂಬ ಚೀಟಿ ಮನೆಯಲ್ಲಿರುತ್ತದೆ. ನಮ್ಮ ನಾಯಿ ಗದ್ದೆ ಕಾಯುತ್ತದೆ, ಹಂದಿಯ ಬೆನ್ನು ಹತ್ತುತ್ತದೆ, ರಾತ್ರಿ ಯಾವ ನಾಯಿಯ ಸಂಗಡ ಕಚ್ಚಾಡಿತೆಂದು ಯಾರೂ ಕಂಡಿರುವುದಿಲ್ಲ. ಒಂದು ಸೂಜಿಯ ಶಕ್ತಿ ಕುಂದಿದ್ದರೂ ನಮಗೆ ಗೊತ್ತಾಗುವುದಿಲ್ಲ. ಆದ್ದರಿಂದ ನಮ್ಮ ಸೀಮೆಗೆ ವರ್ಷಕ್ಕೊಮ್ಮೆ ಎಂಬುದೇ ಕ್ಷೇಮ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಜೋಯಿಡಾದ ಗಡಿ ದಾಟಿದರೆ ಗೋವೆ. ಅಲ್ಲಿ 2013 ರಿಂದ 2019 ರವರೆಗೆ ಹಟ ಹಿಡಿದು ಈ ಕೆಲಸ ಮಾಡಿದರು. ತಂಡಗಳು ಓಣಿ ಓಣಿ ತಿರುಗಿ, ಸಾಕಿದ ನಾಯಿ, ಬೀದಿ ನಾಯಿ ಎನ್ನದೆ ವರ್ಷಕ್ಕೆ 95,000 ಕ್ಕೂ ಮಿಕ್ಕಿ ನಾಯಿಗಳಿಗೆ ಲಸಿಕೆ ಹಾಕುವ ಮಟ್ಟಕ್ಕೆ ಬಂದವು. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಸೂಜಿ ಬಿತ್ತು. ನಾಯಿಗಳಲ್ಲಿ ರೋಗ ನೂರಕ್ಕೆ 92 ರಷ್ಟು ಇಳಿಯಿತು. ಆ ಕಾಲಾವಧಿಯ ಕೊನೆಗೆ ಮನುಷ್ಯರ ಸಾವು ನಿಂತಿತು.

ನೂರರಲ್ಲಿ ಎಪ್ಪತ್ತು ಎಂಬ ಆ ಮಾತನ್ನು ನೆನಪಿಡಿರಿ. ಅಷ್ಟು ನಾಯಿಗಳಿಗೆ ರಕ್ಷಣೆ ಇದ್ದರೆ ರೋಗಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಗುವುದಿಲ್ಲ. ಆದರೆ ಊರಿನ ನಾಯಿಗಳು ಇದ್ದಂತೆ ಇರುವುದಿಲ್ಲ. ಹಳೆಯವು ಸಾಯುತ್ತವೆ, ಕೆಲವನ್ನು ಚಿರತೆ ಒಯ್ಯುತ್ತದೆ, ಹೊಸ ಮರಿಗಳು ಹುಟ್ಟುತ್ತವೆ. ಈ ವರ್ಷ ಎಪ್ಪತ್ತಕ್ಕೆ ಹಾಕಿಸಿ ಸುಮ್ಮನೆ ಕೂತರೆ ಎರಡು ವರ್ಷದಲ್ಲಿ ಬೇಲಿ ಮುರಿದ ತೋಟವಾಗುತ್ತದೆ. ಹೊಲದ ಬೇಲಿಯನ್ನು ವರ್ಷಾ ವರ್ಷಾ ಕಟ್ಟುವುದಿಲ್ಲವೆ? ಇದೂ ಹಾಗೆಯೆ. ಸಂತೆಯ ಹಿರಿಯರಿಗೆ ನಾನು ಹೇಳಿದ್ದೂ ಇದನ್ನೇ: ನಿಮ್ಮ ನಾಯಿಗೆ ಹಾಕಿಸುವುದು ನಿಮ್ಮ ಮನೆಗೆ, ಊರಿನ ನಾಯಿಗಳಿಗೆ ಹಾಕಿಸುವುದು ಎಲ್ಲರ ಮನೆಗೆ.

ಈಗ ಮರಿಗಳ ಮಾತು. ನಾಯಿಮರಿ ರಕ್ತಭೇದಿ ಮಾಡಿಕೊಂಡು ಮೂರು ದಿನದಲ್ಲಿ ಸಾಯುವುದನ್ನು ನೀವು ಕಂಡಿದ್ದೀರಿ. ಅದು ಬಹಳ ಸಲ ಪಾರ್ವೋ ರೋಗ. ಕಣ್ಣು ಮೂಗು ಸೋರಿ, ಕೆಮ್ಮಿ, ಕೊನೆಗೆ ಸೆಳೆತ ಬಂದು ಸಾಯುವುದು ಡಿಸ್ಟೆಂಪರ್ ರೋಗ. ಇವೆರಡನ್ನೂ ತಡೆಯುವ ಲಸಿಕೆ ಕೂಡಿಯೇ ಬರುತ್ತದೆ. ಆರು ಅಥವಾ ಎಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಂದರಂತೆ, ಹದಿನಾರು ವಾರ ತುಂಬುವತನಕ ಹಾಕಿಸಬೇಕು. ಇಷ್ಟು ಸಲ ಯಾಕೆ? ಲಸಿಕೆ ಬಡವಾದದ್ದೆಂದಲ್ಲ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವತನಕ ಅದು ಲಸಿಕೆಯನ್ನೂ ಅಳಿಸಿಬಿಡುತ್ತದೆ. ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ತಿಳಿಯದು. ಆದ್ದರಿಂದ ಒಂದಲ್ಲ ಒಂದು ಸೂಜಿ ನಾಟಲಿ ಎಂದು ಸಾಲಾಗಿ ಕೊಡುವುದು. ವರ್ಷ ತುಂಬುವುದರೊಳಗೆ ಇನ್ನೊಂದು ಕೊಟ್ಟರೆ, ಆಮೇಲೆ ಈ ಎರಡು ರೋಗಗಳಿಗೆ ಮೂರು ವರ್ಷಕ್ಕೊಮ್ಮೆ ಸಾಕು. ಇದಕ್ಕೆ ವರ್ಷಾ ವರ್ಷಾ ಖರ್ಚು ಮಾಡಬೇಕಾಗಿಲ್ಲ. ಆದರೆ ಇಲಿಜ್ವರದ ಲಸಿಕೆ ಮಾತ್ರ ಬೇಗ ಇಳಿಯುತ್ತದೆ. ಅದನ್ನು ಕೊಡಿಸಿದರೆ ವರ್ಷಕ್ಕೊಮ್ಮೆ ಕೊಡಿಸಬೇಕು.

ಡಿಸ್ಟೆಂಪರ್ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. 2018 ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಅನೇಕದರ ಮೈಯಲ್ಲಿ ಈ ಡಿಸ್ಟೆಂಪರ್ ವಿಷಾಣುವೇ ಸಿಕ್ಕಿತು. ನಮ್ಮ ಜೋಯಿಡಾ, ದಾಂಡೇಲಿಯ ಹಳ್ಳಿಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿನಲ್ಲೂ ಇವೆ. ಅಲ್ಲಿ ಹುಲಿ ಇದೆ, ಚಿರತೆ ಇದೆ, ಸೀಳುನಾಯಿಯ ಹಿಂಡುಗಳಿವೆ. ನಮ್ಮ ನಾಯಿಯ ರೋಗ ಕಾಡಿಗೆ ಹೋಗಬಹುದು, ಕಾಡಿನ ರೋಗ ನಮ್ಮ ಅಂಗಳಕ್ಕೂ ಬರಬಹುದು.

ಇನ್ನು ಕೈಯಲ್ಲಿ ಹಿಡಿದು ಮಾಡಬೇಕಾದ ಕೆಲಸಗಳು.

ಲಸಿಕೆಯ ಶೀಸೆ ಸದಾ ತಣ್ಣಗಿರಬೇಕು. ಬಿಸಿಲಲ್ಲಿ ಜೇಬಿನಲ್ಲಿ ತಂದ ಲಸಿಕೆ ಬರೀ ನೀರು. ಜಡ್ಡಾದ ನಾಯಿಗೆ ಹಾಕಿಸಬೇಡಿ, ಗುಣವಾದ ಮೇಲೆ ಹಾಕಿಸಿರಿ. ಸೂಜಿ ಹಾಕಿಸಿದ ಮರುದಿನವೇ ರಕ್ಷಣೆ ಬಂತೆಂದು ತಿಳಿಯಬೇಡಿ, ಎರಡು ಮೂರು ವಾರ ಬೇಕು. ಹಾಕಿಸಿದ ತಾರೀಖನ್ನು ಬರೆದಿಡಿರಿ. ಪುಸ್ತಕ ಇಲ್ಲದಿದ್ದರೆ ಕ್ಯಾಲೆಂಡರಿನ ಮೇಲಾದರೂ ಗುರುತು ಮಾಡಿರಿ. ಮರೆಯಬಾರದೆಂದರೆ ಸೆಪ್ಟೆಂಬರ್ 28 ನೆನಪಿಡಿ. ಅದು ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಅನೇಕ ಕಡೆ ಪಶು ಆಸ್ಪತ್ರೆಗಳಲ್ಲಿ ಶಿಬಿರ ಇರುತ್ತದೆ. ಒಬ್ಬೊಬ್ಬರೇ ಹೋಗುವ ಬದಲು ಊರವರೆಲ್ಲ ಕೂಡಿ, ಮುಂಡಗೋಡದ ಕಡೆ ಟಿಬೆಟಿಯನ್ ಕ್ಯಾಂಪಿನವರನ್ನೂ ಗೌಳಿ ದೊಡ್ಡಿಯವರನ್ನೂ ಕೂಡಿಸಿಕೊಂಡು, ಒಂದು ದಿನ ಗೊತ್ತುಮಾಡಿ ಪಶುವೈದ್ಯರನ್ನೇ ಊರಿಗೆ ಕರೆಯಿರಿ.

ಲಸಿಕೆ ಹಾಕಿಸಿದ ನಾಯಿಯನ್ನು ಗೊತ್ತಿಲ್ಲದ ನಾಯಿ ಕಚ್ಚಿದರೆ "ಹಾಕಿಸೀವಲ್ಲ" ಎಂದು ಕೂಡಬೇಡಿ. ಕೂಡಲೆ ಪಶುವೈದ್ಯರಿಗೆ ತೋರಿಸಿರಿ. ಮನುಷ್ಯರನ್ನು ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ಮಿನಿಟು ತೊಳೆಯಿರಿ. ಸುಣ್ಣ, ಅರಿಸಿನ, ಖಾರದ ಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿರಿ. ಕಚ್ಚಿದ ನಾಯಿ ಮನೆಯದಾದರೆ ಕಟ್ಟಿಹಾಕಿ ಹತ್ತು ದಿನ ನೋಡಿರಿ, ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ತಡೆಯಬೇಡಿ. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆ ಈಗ ಬೇಡ, ಆ ಮದ್ದು ಹೋಗಿ ಬಹಳ ವರ್ಷವಾಯಿತು. ಈಗ ತೋಳಿಗೆ ಕೆಲವೇ ಸೂಜಿ. ಆದರೆ ವೈದ್ಯರು ಹೇಳಿದ ಒಂದು ದಿನವನ್ನೂ ತಪ್ಪಿಸಬಾರದು. ಮತ್ತು ನಾಯಿ ಅನ್ನ ಬಿಟ್ಟು ಜೊಲ್ಲು ಸುರಿಸಿದರೆ, ಅದರ ಬಾಯಿಗೆ ಕೈ ಹಾಕಬೇಡಿರಿ. ನಮ್ಮ ತಂದೆಯವರು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ನಾಯಿ ನಮ್ಮ ಹೊಲ ಕಾಯುತ್ತದೆ, ಮನೆ ಕಾಯುತ್ತದೆ, ಅಂಗಳದಲ್ಲಿ ಮಕ್ಕಳ ಸಂಗಡ ಆಡುತ್ತದೆ. ವರ್ಷದ 365 ದಿನ ಅದು ನಮ್ಮನ್ನು ಕಾಯುವಾಗ, ಒಂದು ದಿನ ನಾವು ಅದನ್ನು ಕಾಯಬಾರದೆ? ಇಂದು ಸಂಜೆ ಅನ್ನ ಹಾಕುವಾಗ ನೆನಪು ಮಾಡಿಕೊಳ್ಳಿರಿ: ಇದಕ್ಕೆ ಸೂಜಿ ಹಾಕಿಸಿ ಎಷ್ಟು ದಿನವಾಯಿತು? ನೆನಪಾಗದಿದ್ದರೆ ಈ ವಾರವೇ ಹಾಕಿಸಿರಿ.