ಹಿತ್ತಲಿಗೆ ತಕ್ಕ ಟೊಮೇಟೊ ತಳಿ
(ಉಪನ್ಯಾಸದ ಪಠ್ಯ)



2023ರ ಜುಲೈ ತಿಂಗಳಿನಲ್ಲಿ ಟೊಮೇಟೊ ಬೆಲೆ ಕಿಲೋಗೆ ನೂರು ರೂಪಾಯಿಯನ್ನು ದಾಟಿತು. ಹಿತ್ತಲು, ಗೊಬ್ಬರ, ನೀರು ಮೂರೂ ಇರುವ ಮಲೆನಾಡಿನ ಮನೆಗಳಿಗೂ ಆ ಬಿಸಿ ತಟ್ಟಿತು. ‘ಇಲ್ಲಿ ಟೊಮೇಟೊ ಆಗುವುದಿಲ್ಲ’ ಎಂಬ ಮಾತು ಈ ಭಾಗದಲ್ಲಿ ಹಳೆಯದು. ಪೇಟೆಯಿಂದ ತಂದ ಸಸಿ ಚೆನ್ನಾಗಿ ಬೆಳೆದು, ಹೂ ಬಿಡುವ ಹೊತ್ತಿಗೆ ಒಂದೆರಡು ದಿನಗಳಲ್ಲಿಯೇ ಹಸಿರಾಗಿಯೇ ಬಾಡಿ ಬೀಳುವುದನ್ನು ಕಂಡವರ ಮಾತು ಅದು.

ಇದಕ್ಕೆ ಮುಖ್ಯ ಕಾರಣ ದುಂಡಾಣು ಸೊರಗು ರೋಗ. ರೋಗಾಣು ಮಣ್ಣಿನಲ್ಲಿದ್ದು, ಬೇರಿನ ಮೂಲಕ ಒಳಹೊಕ್ಕು, ನೀರು ಸಾಗುವ ನಾಳಗಳನ್ನು ಮುಚ್ಚಿಬಿಡುತ್ತದೆ. ಹುಳಿ ಮಣ್ಣು, ತೇವ, ಬೆಚ್ಚನೆಯ ಹವೆ ಇದಕ್ಕೆ ಅನುಕೂಲ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಶುಂಠಿಗಳೂ ಇದೇ ಗುಂಪಿನ ದುಂಡಾಣುಗಳಿಗೆ ತುತ್ತಾಗುವ ಬೆಳೆಗಳು. ಆದುದರಿಂದ ಶುಂಠಿ ಕೊಳೆತ ನೆಲದಲ್ಲಿ ಟೊಮೇಟೊ ನೆಡುವುದು ಸರಿಯಲ್ಲ. ರೋಗವನ್ನು ಗುರುತಿಸಲು ವಿದ್ಯಾರ್ಥಿಗಳು ಮಾಡಬಹುದಾದ ಪರೀಕ್ಷೆಯೊಂದಿದೆ. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಿಬಿಡಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿಯ ಎಳೆ ಇಳಿದರೆ ಅದು ಈ ರೋಗವೇ.

ರೋಗ ಹತ್ತಿದ ಗಿಡವನ್ನು ಉಳಿಸುವ ಔಷಧಿಯಿಲ್ಲ. ಹೀಗಾಗಿ ತಳಿಯ ಆಯ್ಕೆಯೇ ಮೊದಲ ರಕ್ಷಣೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಆಭಾ ಮತ್ತು ಅರ್ಕಾ ಆಲೋಕ್ ಸೊರಗು ರೋಗವನ್ನು ತಡೆಯುವ ತಳಿಗಳು. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ ಮತ್ತು ಮುಕ್ತಿ ತಳಿಗಳೂ ಅದೇ ಗುಣವುಳ್ಳವು. ಅವು ಮಳೆ ಹೆಚ್ಚಿರುವ, ಹುಳಿ ಮಣ್ಣಿನ ಸೀಮೆಗೆಂದೇ ಬಂದವು. ಅರ್ಕಾ ರಕ್ಷಕ್ ಸೊರಗು, ಎಲೆಮುದುರು ಮತ್ತು ಎಲೆಚುಕ್ಕೆ ರೋಗಗಳನ್ನು ತಡೆಯಬಲ್ಲ ಸಂಕರಣ ತಳಿ. ಟೊಮೇಟೊಗೆ ಚಪ್ಪರಬದನೆ ಎಂಬ ಹೆಸರೂ ಉಂಟು. ಆ ನಂಟು ಬರಿಯ ಹೆಸರಿನದಲ್ಲ: ಸೊರಗನ್ನು ತಡೆಯುವ ಬದನೆಯ ಬುಡಕ್ಕೆ ಟೊಮೇಟೊ ಕುಡಿಯನ್ನು ಕಸಿ ಮಾಡುವ ಕ್ರಮವೂ ರೂಢಿಗೆ ಬಂದಿದೆ.

ತಳಿಯಷ್ಟೇ ಕಾಲವೂ ಮುಖ್ಯ. ಅಡಿಕೆಯ ಕೊಳೆರೋಗವನ್ನು ಬಲ್ಲವರಿಗೆ ಟೊಮೇಟೊದ ಅಂಗಮಾರಿ ಹೊಸದಲ್ಲ. ಎರಡಕ್ಕೂ ಕಾರಣ ಒಂದೇ ಕುಲದ ರೋಗಾಣುಗಳು. ಜಡಿಮಳೆಯಲ್ಲಿ ಯಾವ ತಳಿಯನ್ನು ನೆಟ್ಟರೂ ಕಷ್ಟವೇ. ಸೆಪ್ಟೆಂಬರಿನಲ್ಲಿ ಮಾಡಿನ ಕೆಳಗೆ ಬೀಜ ಹಾಕಿ, ಮಳೆ ಹಿಂದೆಗೆದ ಮೇಲೆ ಏರುಮಡಿಯಲ್ಲಿ ಸಸಿ ನೆಟ್ಟರೆ ಚಳಿಗಾಲವಿಡೀ ಹಣ್ಣು ದೊರೆಯುತ್ತದೆ. ಬಳ್ಳಿಯಂತೆ ಹಬ್ಬುವ ತಳಿಗೆ ಆಸರೆಯ ಕೋಲು ಬೇಕು. ಗಿಡ್ಡ ತಳಿ ಹೆಚ್ಚಿನ ಹಣ್ಣನ್ನು ಒಮ್ಮೆಗೇ ಕೊಟ್ಟು ಮುಗಿಯುತ್ತದೆ. ದಿನಕ್ಕೆರಡು ಹಣ್ಣು ಬೇಕಾದ ಮನೆಗೆ ಹಬ್ಬುವ ತಳಿಯೇ ಲೇಸು.

ಮೂರನೆಯದು ಬೀಜದ ಪ್ರಶ್ನೆ. ಸಂಕರಣ ತಳಿಯ ಬೀಜವನ್ನು ಮರುವರ್ಷ ಬಿತ್ತಿದರೆ ತಾಯಿಗುಣ ಒಡೆದು ಹೋಗುತ್ತದೆ, ಮತ್ತೆ ಅಂಗಡಿಯ ಪೊಟ್ಟಣವೇ ಗತಿ. ಅರ್ಕಾ ಆಭಾದಂಥ ಶುದ್ಧ ತಳಿಗಳು ಮತ್ತು ತಿಪ್ಪೆಯ ಬದಿಯಲ್ಲಿ ತಾನೇ ಹುಟ್ಟುವ ಹುಳಿ ನಾಟಿ ಟೊಮೇಟೊಗಳು ಹಾಗಲ್ಲ. ಟೊಮೇಟೊ ಹೂವು ಬಹುಮಟ್ಟಿಗೆ ತನ್ನಲ್ಲೇ ಪರಾಗಸ್ಪರ್ಶಗೊಳ್ಳುವುದರಿಂದ ಅವುಗಳ ಗುಣ ಮನೆಯಲ್ಲೇ ಉಳಿಯುತ್ತದೆ. ನಾಟಿಯೆಂಬ ಮಾತ್ರಕ್ಕೆ ರೋಗ ತಾಗದೆಂದು ತಿಳಿಯಬಾರದು. ಪಕ್ಕದ ಗಿಡಗಳು ಸೊರಗಿದಾಗಲೂ ನಿಂತ ಗಿಡವನ್ನು ಗುರುತಿಸಿ, ಅದರ ಹಣ್ಣಿನಿಂದಲೇ ಬೀಜ ತೆಗೆಯಬೇಕು. ತಿರುಳನ್ನು ಎರಡು ಮೂರು ದಿನ ಹುದುಗಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿಯೊಂದಿಗೆ ಬಿಗಿಮುಚ್ಚಳದ ಸೀಸೆಯಲ್ಲಿಟ್ಟರೆ ಮೂರು ವರ್ಷವಾದರೂ ಮೊಳೆಯುತ್ತದೆ. ಬೀಜವನ್ನು ಉಳಿಸುವ, ಹಂಚುವ, ವಿನಿಮಯ ಮಾಡುವ ರೈತರ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಮಾನ್ಯ ಮಾಡಿದೆ. ಹಕ್ಕು ಕಾಗದದಲ್ಲಿದ್ದರೆ ಸಾಲದು, ಬೀಜ ಸೀಸೆಯಲ್ಲಿರಬೇಕು.

ಪ್ರತಿ ಮನೆಯೂ ಈ ಸಲ ಎರಡು ತಳಿಗಳನ್ನು ನಾಲ್ಕು ನಾಲ್ಕು ಗಿಡಗಳಂತೆ ನೆಟ್ಟು, ಯಾವುದು ನಿಂತಿತು, ಯಾವುದು ಸೊರಗಿತು ಎಂಬುದನ್ನು ಶಾಲೆಯ ಮಕ್ಕಳಿಂದ ಬರೆಸಿಡಲಿ. ಮುಂದಿನ ಮಳೆಗಾಲದ ಹೊತ್ತಿಗೆ ಊರಿಗೆ ತಕ್ಕ ತಳಿ ಯಾವುದೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.