ಮೌನ ಮುರಿದ ಧರ್ಮಕೇಂದ್ರ

(ಓದುಗರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಇಂದು ನಾನು ಆಯ್ದುಕೊಂಡಿರುವ ವಿಷಯ ಕೇಳಲು ಹಿತವಾದುದಲ್ಲ. ಕ್ಯಾಥಲಿಕ್ ಪಾದ್ರಿಗಳಲ್ಲಿ ಕೆಲವರು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಆ ಸುದ್ದಿಗಳಲ್ಲಿ ಸಾಮಾನ್ಯವಾಗಿ ಮೂರು ಪಾತ್ರಗಳಿರುತ್ತವೆ: ತಪ್ಪು ಮಾಡಿದ ಪಾದ್ರಿ, ಅದನ್ನು ಮುಚ್ಚಿಟ್ಟ ಧರ್ಮಾಧ್ಯಕ್ಷ ಮತ್ತು ನೊಂದ ಮಗು. ನಾಲ್ಕನೆಯ ಪಾತ್ರವೊಂದಿದೆ. ಭಾನುವಾರ ತಪ್ಪದೆ ಪೂಜೆಗೆ ಬಂದು, ಕಾಣಿಕೆ ಹಾಕಿ, ತಮ್ಮ ಮಕ್ಕಳನ್ನು ಪೀಠಸೇವೆಗೆ ಕಳಿಸುತ್ತಿದ್ದ ಸಾಮಾನ್ಯ ಭಕ್ತರು ಅವರು. ನಿಜ ತಿಳಿದಾಗ ಅವರು ಏನು ಮಾಡಿದರು? ಅಮೆರಿಕದ ಬಾಸ್ಟನ್ ಪ್ರದೇಶದ ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡೋಣ.

ಮೊದಲು ವ್ಯವಸ್ಥೆಯ ಬಗ್ಗೆ ಎರಡು ಮಾತು. ಒಂದು ಚರ್ಚಿಗೆ ಸೇರಿದ ಕುಟುಂಬಗಳ ಸಮುದಾಯವನ್ನು ಧರ್ಮಕೇಂದ್ರ ಎನ್ನುತ್ತಾರೆ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರು ಅದನ್ನೇ ಫಿರ್ಗಜ್ ಎನ್ನುತ್ತಾರೆ. ಇಂಥ ಅನೇಕ ಧರ್ಮಕೇಂದ್ರಗಳು ಸೇರಿ ಧರ್ಮಕ್ಷೇತ್ರವಾಗುತ್ತದೆ. ಅದರ ಮುಖ್ಯಸ್ಥರು ಧರ್ಮಾಧ್ಯಕ್ಷರು. ಯಾವ ಪಾದ್ರಿ ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವವರು ಅವರೇ ಹೊರತು ಜನರಲ್ಲ. ಬಾಸ್ಟನ್ನಿನಲ್ಲಿ ಕಾನೂನಿನ ಪ್ರಕಾರ ಧರ್ಮಕೇಂದ್ರಗಳ ಆಸ್ತಿಯೂ ಮಹಾಧರ್ಮಾಧ್ಯಕ್ಷರ ಹೆಸರಿನಲ್ಲಿತ್ತು. ಆದರೆ ಚರ್ಚುಗಳನ್ನು ಕಟ್ಟಿದ್ದು ಜನರ ದುಡ್ಡು. 1840ರ ದಶಕದ ಬರಗಾಲದಲ್ಲಿ ಐರ್ಲೆಂಡ್ ಬಿಟ್ಟು ಬಂದವರು, ಅನಂತರ ಬಂದ ಇಟಲಿ, ಪೋಲೆಂಡ್ ಮೂಲದವರು ತಮ್ಮ ಕೂಲಿಯಲ್ಲಿ ಉಳಿಸಿದ ಕಾಸಿನಿಂದ ಅವು ಎದ್ದು ನಿಂತವು. ಆ ಜನರಿಗೆ ಪಾದ್ರಿ ಮನೆಯ ಹಿರಿಯನಂತೆ. ಅವರು ಮನೆಗೆ ಬಂದರೆ ಅದೊಂದು ಗೌರವ. ಮಗನನ್ನು ಐಸ್‌ಕ್ರೀಂ ಕೊಡಿಸಲು ಕರೆದೊಯ್ಯುತ್ತೇನೆಂದರೆ ತಾಯಿಗೆ ಹೆಮ್ಮೆ.

ಈ ನಂಬಿಕೆಯೇ ಅಪರಾಧಕ್ಕೆ ದಾರಿಯಾಯಿತು. ಜಾನ್ ಗೇಗನ್ ಎಂಬ ಪಾದ್ರಿ 1962ರಲ್ಲಿ ದೀಕ್ಷೆ ಪಡೆದು ಮೂರು ದಶಕಗಳಲ್ಲಿ ಆರು ಧರ್ಮಕೇಂದ್ರಗಳಲ್ಲಿ ಕೆಲಸ ಮಾಡಿದ. ದೂರು ಬಂದಾಗ ಅನಾರೋಗ್ಯದ ರಜೆ, ಚಿಕಿತ್ಸೆ, ಮತ್ತೆ ಬೇರೊಂದು ಊರು. 1982ರಲ್ಲಿ ಮಹಿಳೆಯೊಬ್ಬರು ಅಂದಿನ ಕಾರ್ಡಿನಲ್‌ಗೆ ಪತ್ರ ಬರೆದರು. ಅವರ ಬಂಧುಗಳ ಮನೆಯ ಏಳು ಹುಡುಗರು ಇವನಿಂದ ದೌರ್ಜನ್ಯಕ್ಕೊಳಗಾಗಿದ್ದರು. ಸುಮ್ಮನಿರುವಂತೆ ಕುಟುಂಬಕ್ಕೆ ಸೂಚಿಸಲಾಗಿತ್ತು. ಪಾದ್ರಿ ಮಾತ್ರ ಇನ್ನೂ ಕೆಲಸದಲ್ಲಿದ್ದ. 1984ರಲ್ಲಿ ಬಂದ ಹೊಸ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಲಾ ಅವರಿಗೂ ಆಕೆ ಬರೆದರು. ಅದೇ ವರ್ಷ ಗೇಗನ್‌ನನ್ನು ವೆಸ್ಟನ್ ಎಂಬ ಊರಿಗೆ ವರ್ಗಾಯಿಸಲಾಯಿತು. ಸಹಾಯಕ ಧರ್ಮಾಧ್ಯಕ್ಷರಾದ ಜಾನ್ ಡಾರ್ಸಿ ಇದಕ್ಕೆ ಲಿಖಿತವಾಗಿ ಆತಂಕ ವ್ಯಕ್ತಪಡಿಸಿದರೂ ಪ್ರಯೋಜನವಾಗಲಿಲ್ಲ. ವೆಸ್ಟನ್ನಿನ ತಂದೆತಾಯಿಗಳಿಗೆ ಯಾರೂ ಏನನ್ನೂ ಹೇಳಲಿಲ್ಲ.

2002ರ ಜನವರಿ 6ರಂದು 'ಬಾಸ್ಟನ್ ಗ್ಲೋಬ್' ಪತ್ರಿಕೆ ಈ ಕತೆಯನ್ನು ಪ್ರಕಟಿಸಿತು. ಗೇಗನ್ ವಿರುದ್ಧ 130ಕ್ಕೂ ಹೆಚ್ಚು ಮಂದಿ ದೂರಿದ್ದರು. ಗೌಪ್ಯ ಒಪ್ಪಂದಗಳ ಮೂಲಕ ಹಣ ಕೊಟ್ಟು ಅನೇಕ ಪ್ರಕರಣಗಳನ್ನು ಮುಗಿಸಲಾಗಿತ್ತು. ಅವನು ಒಬ್ಬನೇ ಅಲ್ಲ ಎಂಬುದೂ ಬೇಗನೆ ತಿಳಿಯಿತು. 1950ರಿಂದ 2002ರವರೆಗೆ ಅಮೆರಿಕದಲ್ಲಿ 4,392 ಪಾದ್ರಿಗಳ ಮೇಲೆ ಇಂಥ ಆರೋಪ ಬಂದಿತ್ತೆಂದು, ಧರ್ಮಾಧ್ಯಕ್ಷರೇ ಜಾನ್ ಜೇ ಕಾಲೇಜಿನಿಂದ ಮಾಡಿಸಿದ ಅಧ್ಯಯನ 2004ರಲ್ಲಿ ತಿಳಿಸಿತು.

ಇಲ್ಲಿಂದ ಧರ್ಮಕೇಂದ್ರಗಳ ಕತೆ ಶುರುವಾಗುತ್ತದೆ. ಬಾಸ್ಟನ್ ಬಳಿಯ ವೆಲ್ಸ್‌ಲಿ ಎಂಬ ಊರಿನಲ್ಲಿ ಸಂತ ಯೊವಾನ್ನರ ಚರ್ಚಿದೆ. ಆ ಚಳಿಗಾಲದಲ್ಲಿ ಅಲ್ಲಿನ ಕೆಲವೇ ಮಂದಿ ಪೂಜೆಯ ನಂತರ ನೆಲಮಾಳಿಗೆಯ ಕೋಣೆಯಲ್ಲಿ ಕುಳಿತು ಮಾತಾಡತೊಡಗಿದರು. ಅವರಲ್ಲಿ ಡಾ. ಜೇಮ್ಸ್ ಮುಲ್ಲರ್ ಎಂಬ ಹೃದ್ರೋಗ ತಜ್ಞರಿದ್ದರು. 1985ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅಣ್ವಸ್ತ್ರ ವಿರೋಧಿ ವೈದ್ಯರ ಸಂಘಟನೆಯ ಸ್ಥಾಪಕರಲ್ಲಿ ಅವರೂ ಒಬ್ಬರು. ಮಾತು ಹಬ್ಬಿತು, ಜನ ಹೆಚ್ಚಿದರು, 'ವಾಯ್ಸ್ ಆಫ್ ದಿ ಫೇತ್‌ಫುಲ್' (ವಿಶ್ವಾಸಿಗಳ ದನಿ) ಎಂಬ ಸಂಘಟನೆ ಹುಟ್ಟಿತು. 2002ರ ಜುಲೈ 20ರಂದು ಬಾಸ್ಟನ್ನಿನಲ್ಲಿ ನಡೆದ ಅದರ ಸಮಾವೇಶಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂದರು.

ಇವರು ಮತ ಬಿಟ್ಟವರಲ್ಲ, ಬಿಡಲು ಒಪ್ಪದವರು. ನೊಂದವರಿಗೆ ಬೆಂಬಲ, ಪ್ರಾಮಾಣಿಕ ಪಾದ್ರಿಗಳಿಗೆ ಬೆಂಬಲ, ಧರ್ಮಸಭೆಯ ಆಡಳಿತದಲ್ಲಿ ಬದಲಾವಣೆ - ಇವು ಅವರ ಮೂರು ಗುರಿಗಳು. ಇದಕ್ಕೆ ಅವರು ಆಧಾರ ಹುಡುಕಿದ್ದೂ ತಮ್ಮ ಧರ್ಮಸಭೆಯ ಒಳಗೇ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ, ಧರ್ಮಸಭೆಯ ಹಿತದ ವಿಷಯದಲ್ಲಿ ಅಭಿಪ್ರಾಯ ಹೇಳುವುದು ತಿಳಿವಳಿಕೆಯುಳ್ಳ ಸಾಮಾನ್ಯ ಭಕ್ತರಿಗೆ ಸಲ್ಲುತ್ತದೆ, ಕೆಲವೊಮ್ಮೆ ಅದು ಕರ್ತವ್ಯವೂ ಆಗುತ್ತದೆ ಎಂದು ಒಪ್ಪಿಕೊಂಡಿತ್ತು. ಪುಸ್ತಕದಲ್ಲಿ ಉಳಿದಿದ್ದ ಆ ಮಾತು ನೆಲಮಾಳಿಗೆಯಲ್ಲಿ ಬಳಕೆಗೆ ಬಂತು.

ಭಕ್ತರ ಕೈಯಲ್ಲಿದ್ದ ಇನ್ನೊಂದು ಸಾಧನ ಕಾಣಿಕೆ. ಅನೇಕರು ಮಹಾಧರ್ಮಕ್ಷೇತ್ರದ ನಿಧಿಗೆ ಹಣ ಕೊಡುವುದನ್ನು ನಿಲ್ಲಿಸಿದರು. ಬಡವರ ಸೇವೆ ನಿಲ್ಲಬಾರದೆಂದು ಸಂಘಟನೆ ಬೇರೊಂದು ನಿಧಿ ಕೂಡಿಸಿತು. ಕಾರ್ಡಿನಲ್ ಲಾ ಅದನ್ನು ಒಪ್ಪಲಿಲ್ಲ. ಆದರೆ ಸೇವಾಸಂಸ್ಥೆಯಾದ ಕ್ಯಾಥಲಿಕ್ ಚಾರಿಟೀಸ್‌ನ ಆಡಳಿತ ಮಂಡಳಿ ಕೊನೆಗೆ ಅದನ್ನು ಸ್ವೀಕರಿಸಿತು. ಕೆಲವು ಧರ್ಮಾಧ್ಯಕ್ಷರು ಚರ್ಚಿನ ಆವರಣದಲ್ಲಿ ಈ ಸಂಘಟನೆ ಸೇರುವುದನ್ನೇ ನಿಷೇಧಿಸಿದರು. ಡಿಸೆಂಬರ್‌ನಲ್ಲಿ, ವಿಧೇಯತೆಯ ಪ್ರತಿಜ್ಞೆ ಮಾಡಿದ್ದ 58 ಪಾದ್ರಿಗಳೇ ಲಾ ಅವರ ರಾಜೀನಾಮೆ ಕೇಳಿ ಪತ್ರಕ್ಕೆ ಸಹಿ ಹಾಕಿದರು. ಡಿಸೆಂಬರ್ 13ರಂದು ಅವರು ಸ್ಥಾನ ಬಿಟ್ಟರು. 2003ರಲ್ಲಿ ಮಹಾಧರ್ಮಕ್ಷೇತ್ರ 552 ಮಂದಿಗೆ ಒಟ್ಟು 8.5 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು.

ಮರುವರ್ಷವೇ ಇನ್ನೊಂದು ಪೆಟ್ಟು. 2004ರ ಮೇ ತಿಂಗಳಲ್ಲಿ ಮಹಾಧರ್ಮಕ್ಷೇತ್ರ 65 ಧರ್ಮಕೇಂದ್ರಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಪಾದ್ರಿಗಳು ಕಡಿಮೆ, ಪೂಜೆಗೆ ಬರುವವರು ಕಡಿಮೆ, ಹಣವೂ ಇಲ್ಲ. ಪರಿಹಾರದ ಮೊತ್ತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಿತು. ಬಹಳ ಭಕ್ತರು ಇದನ್ನು ನಂಬಲಿಲ್ಲ. ಸಮುದ್ರತೀರದ ಸಿಚುಯೆಟ್ ಎಂಬ ಊರಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕ್ಯಾಬ್ರಿನಿ ಚರ್ಚಿನ ಜನ 2004ರ ಅಕ್ಟೋಬರ್ 26ರಂದು ಒಳಗೆ ಕುಳಿತವರು ಎದ್ದು ಹೋಗಲಿಲ್ಲ. ಸರದಿಯ ಮೇಲೆ ಹಗಲಿರುಳು ಕಾವಲು ಕಾದರು. ಪಾದ್ರಿಯಿಲ್ಲದೆ ತಾವೇ ಪ್ರಾರ್ಥನೆ ನಡೆಸಿದರು. ರೋಮಿಗೂ ನ್ಯಾಯಾಲಯಗಳಿಗೂ ಮೊರೆಯಿಟ್ಟು ಸೋತು, 2016ರ ಮೇ 29ರಂದು ಕೊನೆಯ ಪ್ರಾರ್ಥನೆ ಸಲ್ಲಿಸಿ ಹೊರಬಂದರು. ಹನ್ನೊಂದೂವರೆ ವರ್ಷ! ಆದರೆ ವೇಮತ್ ಎಂಬ ಊರಿನಲ್ಲಿ ಇಂಥದೇ ಕಾವಲು 2005ರಲ್ಲಿ ಫಲ ಕೊಟ್ಟು ಚರ್ಚು ಉಳಿಯಿತು.

ಇಷ್ಟು ಕೇಳಿದಾಗ ಭಕ್ತರ ಬಗ್ಗೆ ಮೆಚ್ಚುಗೆ ಮೂಡುವುದು ಸಹಜ. ಆದರೂ ಕಹಿಯಾದ ಒಂದು ಪ್ರಶ್ನೆ ಕೇಳಲೇಬೇಕು. ದೌರ್ಜನ್ಯಕ್ಕೊಳಗಾದವರು 1980ರ ದಶಕದ ಕೊನೆಯಲ್ಲೇ ತಮ್ಮದೇ ಸಂಘಟನೆ ಕಟ್ಟಿಕೊಂಡಿದ್ದರು. ಆಗ ಎಷ್ಟು ಧರ್ಮಕೇಂದ್ರಗಳು ಅವರನ್ನು ಕರೆದು ಕೂರಿಸಿ ಕೇಳಿದವು? ಪಾದ್ರಿಯ ಹೆಸರು ಕೆಡಿಸಬೇಡಿ ಎಂದು ಬಾಯಿ ಮುಚ್ಚಿಸಿದವರಲ್ಲಿ ಮೇಲಿನವರಷ್ಟೇ ಅಲ್ಲ, ಪಕ್ಕದ ಬೆಂಚಿನವರೂ, ಕೆಲವೊಮ್ಮೆ ಸ್ವಂತ ಮನೆಯವರೂ ಇದ್ದರು. ಕಟ್ಟಡಕ್ಕಾಗಿ ರಾತ್ರಿಯೆಲ್ಲ ಕಾವಲು ಕಾದ ನಿಷ್ಠೆ ಮಕ್ಕಳಿಗಾಗಿ ಸಕಾಲದಲ್ಲಿ ಏಕೆ ಎಚ್ಚರಗೊಳ್ಳಲಿಲ್ಲ? ನೆಲಮಾಳಿಗೆಯ ಸಭೆಗಳಲ್ಲಿ ನೊಂದವರು ಎದ್ದು ನಿಂತು ಮಾತಾಡಿದಾಗ ಭಕ್ತರು ಎದುರಿಸಬೇಕಾದದ್ದು ಈ ಪ್ರಶ್ನೆಯನ್ನು.

ಹಾಗಾದರೆ ಬದಲಾದದ್ದೇನು? 2002ರ ಮೇ ತಿಂಗಳಲ್ಲಿ ಮ್ಯಾಸಚುಸೆಟ್ಸ್ ರಾಜ್ಯ, ಮಕ್ಕಳ ಮೇಲಿನ ದೌರ್ಜನ್ಯವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದವರ ಪಟ್ಟಿಗೆ ಪಾದ್ರಿಗಳನ್ನೂ ಸೇರಿಸಿತು. ಜೂನ್‌ನಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ಡಲ್ಲಾಸ್ ನಗರದಲ್ಲಿ ಸೇರಿ ನಿಯಮಾವಳಿ ರಚಿಸಿದರು. ನೊಂದವರೇ ಕೇಳದ ಹೊರತು ಗೌಪ್ಯ ಒಪ್ಪಂದ ಕೂಡದು, ದೂರು ಪರಿಶೀಲಿಸುವ ಮಂಡಳಿಯಲ್ಲಿ ಸಾಮಾನ್ಯ ಭಕ್ತರೇ ಹೆಚ್ಚು ಸಂಖ್ಯೆಯಲ್ಲಿರಬೇಕು ಎಂದಾಯಿತು. ಧರ್ಮೋಪದೇಶ ತರಗತಿಯ ಸ್ವಯಂಸೇವಕರ ಹಿನ್ನೆಲೆಯನ್ನೂ ಪರಿಶೀಲಿಸುವುದು ರೂಢಿಗೆ ಬಂತು. ಧರ್ಮಾಧ್ಯಕ್ಷರೇ ತಪ್ಪಿದರೆ ವಿಚಾರಿಸುವ ಕ್ರಮವನ್ನು ಪೋಪ್ ಫ್ರಾನ್ಸಿಸ್ 2019ರಲ್ಲಿ ತಂದರು. ಇವೆಲ್ಲ ಫಾರಂ ತುಂಬುವ, ಸಹಿ ಹಾಕುವ ನೀರಸ ಕೆಲಸಗಳು. ಆದರೆ ಒಬ್ಬ ಗೇಗನ್ ಮತ್ತೊಂದು ಊರಿಗೆ ಹೋಗದಂತೆ ತಡೆಯುವುದು ಇಂಥ ಕೆಲಸಗಳೇ.

ನಮ್ಮಲ್ಲಿಯೂ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಅದು ಚರ್ಚಿಗಷ್ಟೇ ಅಲ್ಲ, ಶಾಲೆ, ಮಠ, ಮನೆ ಎಲ್ಲಕ್ಕೂ ಅನ್ವಯಿಸುತ್ತದೆ.

ಕೊನೆಯದಾಗಿ ಆ ಪತ್ರ ಬರೆದ ಮಹಿಳೆಯನ್ನು ನೆನೆಯುತ್ತೇನೆ. ಆಕೆ ಪಂಡಿತೆಯಲ್ಲ, ಅಧಿಕಾರವಿದ್ದವರಲ್ಲ. ಧರ್ಮಸಭೆಯನ್ನು ಪ್ರೀತಿಸುತ್ತಿದ್ದ ಸಾಮಾನ್ಯ ಭಕ್ತೆ. ಒಂದು ಧರ್ಮಕೇಂದ್ರ ಮಾಡಬೇಕಾದ ಕೆಲಸವನ್ನು ಆಕೆ 1982ರಲ್ಲೇ ಒಬ್ಬರೇ ಮಾಡಿದ್ದರು. ವೆಲ್ಸ್‌ಲಿಯ ನೆಲಮಾಳಿಗೆಯ ದೀಪ ಹತ್ತುವಷ್ಟರಲ್ಲಿ ಆ ಪತ್ರಕ್ಕೆ 20 ವರ್ಷ ತುಂಬುತ್ತಿತ್ತು. ಏಳು ಹುಡುಗರು ಆಗಲೇ ದೊಡ್ಡವರಾಗಿದ್ದರು.